ಮರಕ್ಕೆ ಹಾಕೋ ಎಸ್ಎಸ್ 304 (ಒಂದು ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್) ಸ್ಕ್ರೂ, 5 ಮಳೆಗಾಲ ಬಳಸಿದ ಮೇಲೆ

ನಮ್ಮನೆ ಕುಂದಾಪುರದ ಹತ್ರ, ಸಮುದ್ರಕ್ಕೆ ಎರಡು ಕಿಲೋಮೀಟರ್ ಕೂಡ ಇಲ್ಲ. ಉಪ್ಪು ಗಾಳಿ ಮತ್ತು ಜೂನ್‌ನಿಂದ ಸುರಿಯೋ ಮಳೆ ಎರಡೂ ಸೇರಿ ಇಲ್ಲಿ ಕಬ್ಬಿಣದ ಸಾಮಾನು ಏನಿದ್ರೂ ತಿಂದು ಹಾಕ್ತವೆ. ಬೇರೆ ಊರಿನವ್ರು ಓದುವಾಗ ಇದು ನೆನಪಿರಲಿ, ಒಣ ಹವೆ ಇರೋ ಕಡೆ ಸ್ಕ್ರೂಗೆ ಇಷ್ಟು ಖರ್ಚು ಮಾಡ್ಬೇಕಾಗಿಲ್ಲ.

2019ರ ಜನವರಿಲಿ ಜಗಲಿಗೆ ಹಲಸಿನ ಹಲಗೆಯ ಬೆಂಚು ನಾನೇ ಮಾಡಿದ್ದೆ. ಆಗ ಹಾಕಿದ್ದು ಕಪ್ಪು ಸ್ಕ್ರೂ, ಅಂಗಡೀಲಿ ಜಿಪ್ಸಮ್ ಸ್ಕ್ರೂ ಅಂತಾರಲ್ಲ ಅದು. ರೇಟ್ ಕಡಿಮೆ, ಚೂಪಾಗಿದೆ, ಡ್ರಿಲ್ಲಿಗೆ ಹಾಕಿ ಒತ್ತಿದ್ರೆ ಸಲೀಸಾಗಿ ಒಳಗೆ ಹೋಗತ್ತೆ, ಅದಕ್ಕೇ ಎಲ್ರೂ ಅದನ್ನೇ ತಗೊಳ್ಳೋದು. ಎರಡನೇ ಮಳೆಗಾಲದಲ್ಲಿ ಒಂದು ಸಂಜೆ ಅಮ್ಮ ಹೂ ಕಟ್ತಾ ಕೂತಿದ್ರು, ಬೆಂಚಿನ ಒಂದು ಬದಿ ಹಾಗೇ ಕುಸೀತು. ಕೈ ಊರಿ ಬಿದ್ದು ಮಣಿಕಟ್ಟು ಒಂದು ವಾರ ಊದಿತ್ತು. ಅದು ನೆನಪಾದ್ರೆ ಈಗ್ಲೂ ಹೊಟ್ಟೆಯೊಳಗೆ ಒಂಥರಾ ಆಗತ್ತೆ.

ಬಿಚ್ಚಿ ನೋಡಿದ್ರೆ ಮರಕ್ಕೇನೂ ಆಗಿಲ್ಲ, ಹಲಗೆ ಮತ್ತು ಕಾಲು ಸೇರೋ ಗೆರೆಯಲ್ಲೇ ನಾಲ್ಕೂ ಸ್ಕ್ರೂ ಕತ್ತರಿಸಿದ ಹಾಗೆ ತುಂಡಾಗಿದ್ವು. ಆ ಸ್ಕ್ರೂ ಇರೋದು ಜಿಪ್ಸಮ್ ಬೋರ್ಡನ್ನ ಫ್ರೇಮಿಗೆ ಹಿಡಿಸೋಕೆ. ಸ್ಟೀಲನ್ನ ಗಟ್ಟಿ ಮಾಡಿರ್ತಾರೆ, ಹಾಗಾಗಿ ಅದು ಬಾಗಲ್ಲ, ಅಡ್ಡ ಭಾರ ಬಿದ್ರೆ ಪಟ್ ಅಂತ ಮುರಿಯತ್ತೆ. ಮೇಲಿರೋ ಕಪ್ಪು ಲೇಪ ಒಣ ಗೋಡೆಗೆ ಸಾಕು, ಜಗಲಿಯ ಇರಚಲಿಗೆ ಅಲ್ಲ. ಜೊತೆಗೆ ಮಳೆಗಾಲದಲ್ಲಿ ಹಲಗೆ ಅಗಲಕ್ಕೆ ಉಬ್ಬತ್ತೆ, ಬೇಸಿಗೇಲಿ ಕುಗ್ಗತ್ತೆ, ತುಕ್ಕು ಹಿಡಿದ ಸ್ಕ್ರೂನ ವರ್ಷಪೂರ್ತಿ ಎಳೀತಾನೇ ಇರತ್ತೆ.

2020ರ ನವೆಂಬರಲ್ಲಿ ಅದೇ ಮರ ಇಟ್ಕೊಂಡು ಬೆಂಚನ್ನ ಮತ್ತೆ ಕಟ್ಟಿದೆ, ಈ ಸಲ ಎಸ್ಎಸ್ 304, 5 ಮಿಮೀ ದಪ್ಪ 60 ಮಿಮೀ ಉದ್ದ. ಹಲಗೆ 20 ಮಿಮೀ, ಅಂದ್ರೆ ಸ್ಕ್ರೂನ ಮೂರರಲ್ಲಿ ಎರಡು ಪಾಲು ಕಾಲಿನೊಳಗೆ ಇರತ್ತೆ, ಉದ್ದದ ಲೆಕ್ಕ ನಾನೀಗ ಹೀಗೇ ಹಾಕೋದು.

ಶುರುವಲ್ಲಿ ತುಂಬ ಕಷ್ಟ ಕೊಡ್ತು. ಸ್ಟೇನ್‌ಲೆಸ್ ಮೆತ್ತಗೆ, ಕಪ್ಪು ಸ್ಕ್ರೂ ಥರ ತೂತಿಲ್ಲದೆ ತುರುಕಿದ್ರೆ ತಲೆ ಸವೆಯತ್ತೆ ಇಲ್ಲಾ ಕುತ್ತಿಗೆ ತಿರುಚಿ ಹೋಗತ್ತೆ, ಮೊದಲ ಬಾಕ್ಸಲ್ಲಿ ಏಳು ಹಾಳಾದ್ವು. ನಮ್ಮೂರ ಬಡಗಿ ಆಚಾರ್ರು ನೋಡಿ "ಮೊದ್ಲು ಅದಕ್ಕೆ ದಾರಿ ಮಾಡಿ ಕೊಡಿ ಮಾರಾಯ್ರೆ" ಅಂದು ಒಂದು ಉಪಾಯ ತೋರಿಸಿದ್ರು. ಡ್ರಿಲ್ ಬಿಟ್ಟನ್ನ ಸ್ಕ್ರೂ ಮುಂದೆ ಹಿಡೀಬೇಕು, ಸ್ಕ್ರೂನ ಒಳಗಿನ ಕಡ್ಡಿ ಮುಚ್ಚಿಹೋಗಿ ಎರಡೂ ಬದಿ ಬರೀ ಮರೆ (ಸುತ್ತಿಕೊಂಡಿರೋ ಥ್ರೆಡ್) ಕಾಣ್ಬೇಕು, ಅದೇ ತೂತಿನ ಅಳತೆ. ನನ್ನ ಸ್ಕ್ರೂಗೆ ಮೂರೂವರೆ ಮಿಮೀ ಬಂತು. ಸ್ಕ್ರೂಗೆ ಮೇಣದಬತ್ತಿ ಉಜ್ಜಿದ್ರೆ ಇನ್ನೂ ಸಲೀಸು. ಹಳೆ ಮತ್ತಿ ಮರಕ್ಕೆ ಅದೂ ಸಾಲಲ್ಲ, ಅಲ್ಲಿ ಮೊದ್ಲು ಅದೇ ಸೈಜಿನ ಕಬ್ಬಿಣದ ಸ್ಕ್ರೂ ಹಾಕಿ ತೆಗೆದು ಆಮೇಲೆ ಎಸ್ಎಸ್ ಹಾಕ್ತೀನಿ.

ಸ್ಕ್ರೂ ತಿರುಗಿಸೋ ಬಿಟ್ ಕೂಡ ನೋಡ್ಕೊಳ್ಳಿ. ಅಂಗಡೀಲಿ ಎಲ್ಲದಕ್ಕೂ ಸ್ಟಾರ್ ಅಂತಾರೆ ಆದ್ರೆ ತಲೆ ಮೇಲೆ ಪ್ಲಸ್ ಗುರುತಿನ ಮಧ್ಯೆ ಇನ್ನೂ ನಾಲ್ಕು ಸಣ್ಣ ಗೀಟಿದ್ರೆ ಅದು ಪೋಝಿ, ಅದಕ್ಕೆ ಬರೀ ಪ್ಲಸ್ ಗುರುತಿನ ಫಿಲಿಪ್ಸ್ ಬಿಟ್ ಹಾಕಿದ್ರೆ ಜಾರಿ ಜಾರಿ ತಲೆ ಕಿತ್ತೋಗತ್ತೆ.

ಈಗ ಐದು ಮಳೆಗಾಲ ಆಯ್ತು, ಬೆಂಚು ಅಲುಗಾಡಿಲ್ಲ. ಇರಚಲು ಬೀಳೋ ಕಡೆ ತಲೆ ಮೇಲೆ ಚಹಾ ಬಣ್ಣದ ಕಲೆ ಬಂದಿದೆ, ಸ್ಕ್ರಬ್ಬರಲ್ಲಿ ಉಜ್ಜಿದ್ರೆ ಹೋಗತ್ತೆ, ಒಳಗೆ ತಿಂದಿಲ್ಲ. ಕಡಲ ಬದಿಗೆ ಸ್ಟೇನ್‌ಲೆಸ್‌ನ 316 ದರ್ಜೆ ಇನ್ನೂ ಒಳ್ಳೇದು, ಅದರಲ್ಲಿ ಸುಮಾರು 2% ಮಾಲಿಬ್ಡಿನಮ್ ಅನ್ನೋ ಲೋಹ ಇರೋದ್ರಿಂದ ಉಪ್ಪನ್ನ ಚೆನ್ನಾಗಿ ತಡೆಯತ್ತೆ, ಆದ್ರೆ ಇಲ್ಲಿ ಆರ್ಡರ್ ಮಾಡಿ ತರಿಸ್ಬೇಕು, ರೇಟೂ ಜಾಸ್ತಿ. ಅಡಿಗೆಮನೆಯ ಮತ್ತಿ ಮರದ ಶೆಲ್ಫಲ್ಲಿ ವ್ಯತ್ಯಾಸ ಚೆನ್ನಾಗಿ ಗೊತ್ತಾಗತ್ತೆ, ಹಳೆ ಕಬ್ಬಿಣದ ಮೊಳೆ ಸುತ್ತ ಮರ ಮಸಿ ಥರ ಕಪ್ಪಾಗಿದೆ, ಮರದೊಳಗಿನ ಟ್ಯಾನಿನ್ ಅನ್ನೋ ಒಗರು ಅಂಶಕ್ಕೂ ಕಬ್ಬಿಣಕ್ಕೂ ಆಗ್ಬರಲ್ಲ. ಎಸ್ಎಸ್ ಸುತ್ತ ಆ ಕಲೆ ಇಲ್ಲ.

ಎಲ್ಲದಕ್ಕೂ ಇದೇ ಸ್ಕ್ರೂ ಹಾಕಿ ಅಂತ ಮಾತ್ರ ಹೇಳಲ್ಲ. ಪಟ್ಟಿಯ ತುದಿಯಿಂದ ನಾರಿನ ಉದ್ದಕ್ಕೆ ಹೊಡೆದ್ರೆ ಯಾವ ಸ್ಕ್ರೂನೂ ಗಟ್ಟಿ ಕೂರಲ್ಲ, ಅಂಥ ಕಡೆ ಆಚಾರ್ರು ಒಂದು ಮರದಲ್ಲಿ ಕೊರೆದು ಇನ್ನೊಂದರ ತುದಿ ಕೂರಿಸಿ ಬಿದಿರಿನ ಮೊಳೆ ಹೊಡೆದುಕೊಟ್ರು. ನಮ್ಮನೆ ಬಾಗಿಲುಗಳೂ ಇದೇ ಥರದ ಜೋಡಣೆಯಲ್ಲಿ ಅಜ್ಜನ ಕಾಲದಿಂದ ನಿಂತಿವೆ. ಹಂಚಿನಡಿ ರೀಪಿಗೆ ಜಿಐ (ಸತು ಲೇಪ ಇರೋ ಕಬ್ಬಿಣ) ಮೊಳೆ ಸಾಕು, ಬಾಗಿದ್ರೂ ಮುರಿಯಲ್ಲ. ಮಗಳ ಟೇಬಲ್ ಪಾರ್ಟಿಕಲ್ ಬೋರ್ಡು (ಮರದ ಚೂರು ಅಂಟಿಸಿ ಒತ್ತಿದ ಹಲಗೆ), ಅದಕ್ಕೆ ಇಂಥ ಬೋರ್ಡಿಗೇ ಮಾಡಿರೋ 7 ಮಿಮೀ ದಪ್ಪದ ಕನ್ಫರ್ಮ್ಯಾಟ್ ಸ್ಕ್ರೂ ಹಾಕಿದೀನಿ.

ಮೊನ್ನೆ ದೀಪಾವಳಿ ಕ್ಲೀನಿಂಗ್ ಟೈಮಲ್ಲಿ ಬೆಂಚಿನ ಒಂದು ಸ್ಕ್ರೂ ಬಿಚ್ಚಿ ನೋಡಿದೆ, ಮರೆ ಹೊಸದರ ಹಾಗೇ ಇದೆ, ಮೇಣದ ಪಸೆ ಕೂಡ ಇತ್ತು. ವಾಪಸ್ ಹಾಕಿ ಬಿಗಿ ಮಾಡ್ದೆ. ಬಾವಿಕಟ್ಟೆ ಹತ್ರ ಒಂದು ಸ್ಟೂಲಿದೆ, ಅದರಲ್ಲಿನ್ನೂ ಹಳೆ ಕಪ್ಪು ಸ್ಕ್ರೂನೇ ಇರೋದು, ಬದಲಾಯಿಸೋ ತನಕ ಅದರ ಮೇಲೆ ಕೂರ್ಬೇಡಿ ಅಂತ ಅಮ್ಮಂಗೆ ಹೇಳಿ ಇಟ್ಟಿದೀನಿ.