‘ಇವನಿಗೇನಾಗಿದೆ, ಚೆನ್ನಾಗೇ ಇದ್ದಾನಲ್ಲ’ ಅನ್ನುವ ಶಿಶುವಿಹಾರ: ಹುಷಾರು

ನಿಮ್ಮ ಮಗುವಿಗೆ ಆಟಿಸಂ ಇದ್ದು, ಮಾತು ಸರಾಗವಾಗಿ ಬರುತ್ತಿದ್ದರೆ, ಶಿಶುವಿಹಾರಕ್ಕೆ ಸೇರಿಸುವ ಮುಂಚೆ ದಯವಿಟ್ಟು ಇದನ್ನು ಓದಿ.

ನಮ್ಮ ಮಗನನ್ನು ಸೇರಿಸುವಾಗ ವರದಿ ಕೊಟ್ಟು ಎಲ್ಲ ಹೇಳಿದ್ದೆವು. ಜೋರು ಸದ್ದು ಅವನಿಗೆ ಆಗುವುದಿಲ್ಲ, ಮಾಡುತ್ತಿರುವ ಕೆಲಸ ನಿಲ್ಲಿಸಬೇಕಾದರೆ ಮೊದಲೇ ತಿಳಿಸಬೇಕು ಅಂತ. ಮುಖ್ಯಸ್ಥೆ ಅವನ ಹತ್ತಿರ ಎರಡು ಮಾತಾಡಿ, “ಇಷ್ಟು ಚುರುಕಾಗಿದ್ದಾನೆ, ಇವನಿಗೇನಾಗಿದೆ? ನಾವು ಎಲ್ಲ ಮಕ್ಕಳನ್ನೂ ಒಂದೇ ಥರ ನೋಡ್ತೀವಿ” ಅಂದರು. ನಡೆದಿದ್ದೂ ಹಾಗೇ. ಅವನಿಗಾಗಿ ಏನೂ ಬದಲಾಗಲಿಲ್ಲ.

ಒಂದು ದಿನ ನಾನೇ ಬಾಗಿಲಲ್ಲಿ ನಿಂತು ನೋಡಿದೆ. ಬೆಲ್ ಹೊಡೆಯಿತು, ಮಕ್ಕಳೆಲ್ಲ ಕೂಗುತ್ತಾ ಎದ್ದರು. ಇವನು ಬಣ್ಣದ ಬ್ಲಾಕುಗಳನ್ನು ಸಾಲಾಗಿ ಜೋಡಿಸುತ್ತಿದ್ದವನು ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ನುಸುಳಿದ. ಟೀಚರ್ ಅವನ ಕೈಗಳನ್ನು ಕಿವಿಯಿಂದ ಎಳೆದು, “ಹೇಳಿದ್ದು ಕೇಳಿಸ್ಕೋ” ಅಂದರು. ಅಳು ಜಾಸ್ತಿಯಾದಾಗ ಮೂಲೆಯ ಕುರ್ಚಿಯಲ್ಲಿ ಒಬ್ಬನನ್ನೇ ಕೂರಿಸಿದರು. ಡೈರಿಯಲ್ಲಿ ಬರೆದದ್ದು ‘ಹಠಮಾರಿ’ ಅಂತ. ಅದು ಹಠ ಅಲ್ಲ, ಸದ್ದು ತಡೆಯಲಾಗದ ಮಗುವಿನ ಪಾಡು.

ಆಮೇಲೆ ಅವನು ಅಲ್ಲಿ ಮೌನವಾದ. “ಈಗ ಹೊಂದಿಕೊಂಡಿದ್ದಾನೆ” ಅಂತ ಅವರಿಗೆ ಖುಷಿ. ಮನೆಗೆ ಬಂದು ಶೂ ಬಿಚ್ಚುವಷ್ಟರಲ್ಲೇ ಚೀರಾಟ ಶುರು, ತನ್ನ ಮಣಿಕಟ್ಟನ್ನೇ ಕಚ್ಚಿಕೊಳ್ಳುತ್ತಿದ್ದ. ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಬಂತು. ಇಂಥ ಮಕ್ಕಳು ಹೊರಗೆ ಎಲ್ಲವನ್ನೂ ಅದುಮಿಟ್ಟುಕೊಂಡು ಮನೆಯಲ್ಲಿ ಕುಸಿಯುತ್ತಾರೆ ಅಂತ ಥೆರಪಿಸ್ಟ್ ವಿವರಿಸಿದರು. ಅವನನ್ನು ಅಲ್ಲಿಂದ ಬಿಡಿಸಿದೆವು.

ಆಟಿಸಂ ಇದ್ದೂ ಸರಾಗವಾಗಿ ಮಾತಾಡುವ, ಚುರುಕಾದ ಮಕ್ಕಳಿಗೆ ‘ಹೈ ಫಂಕ್ಷನಿಂಗ್’ ಅನ್ನುವುದು ಜನ ಬಳಸುವ ಮಾತು, ವೈದ್ಯರ ವರ್ಗೀಕರಣ ಅಲ್ಲ. ಇಂಥ ತೊಂದರೆಗಳನ್ನು ಗುರುತಿಸಲು ವೈದ್ಯರು ಬಳಸುವ 2013ರ ಡಿಎಸ್‌ಎಂ-5 ಕೈಪಿಡಿಯಲ್ಲಿ ಆಟಿಸಂಗೆ ಎಷ್ಟು ಬೆಂಬಲ ಬೇಕು ಅನ್ನುವುದರ ಮೇಲೆ 3 ಹಂತಗಳಿವೆ. ಮೊದಲನೇ ಹಂತಕ್ಕೂ ‘ಬೆಂಬಲ ಬೇಕು’ ಅಂತಲೇ ಇದೆ. ಯಾರಾದರೂ “ಇವನಿಗೇನೂ ಬೇಕಾಗಲ್ಲ ಬಿಡಿ” ಅಂದರೆ ಇದನ್ನು ಹೇಳಿ.

ಶಾಲೆ ನೋಡಲು ಮಕ್ಕಳು ಇರುವಾಗಲೇ ಹೋಗಿ, ಅದರಲ್ಲೂ ಆಟಕ್ಕೆ ಬಿಡುವ ಹೊತ್ತಿಗೆ. ಖಾಲಿ ಕೋಣೆ ಎಲ್ಲ ಕಡೆ ಚೆನ್ನಾಗೇ ಕಾಣುತ್ತೆ, ಅಲ್ವಾ? ದಿನದ ಕೆಲಸಗಳನ್ನು ಚಿತ್ರದಲ್ಲಿ ತೋರಿಸುತ್ತಾರಾ, ಮಗು ತಾನಾಗಿ ಹೋಗಿ ಕೂರಬಹುದಾದ ಸದ್ದಿಲ್ಲದ ಜಾಗ ಇದೆಯಾ, ಸದ್ದು ತಡೆಯುವ ಹೆಡ್‌ಫೋನ್ ಹಾಕಲು ಬಿಡುತ್ತಾರಾ ನೋಡಿ. ‘ಕಿವಿ ಮುಚ್ಚಿಕೊಂಡು ಕೂತರೆ ಏನು ಮಾಡ್ತೀರಿ?’ ಅಂತ ಮುಖ್ಯಸ್ಥರನ್ನಲ್ಲ, ದಿನವಿಡೀ ಜೊತೆಗಿರುವ ಟೀಚರನ್ನೇ ಕೇಳಿ. “ಅಭ್ಯಾಸ ಆಗುತ್ತೆ” ಅಂದರೆ ಬೇರೆ ಕಡೆ ನೋಡಿ.

ಒಪ್ಪಿಕೊಂಡದ್ದನ್ನೆಲ್ಲ ಶುಲ್ಕ ಕಟ್ಟುವ ಮೊದಲೇ ಬರೆಸಿಕೊಳ್ಳಿ. ನಮಗೆ ಬಾಯಲ್ಲಿ ಮಾತ್ರ ಹೇಳಿದ್ದರು. ಆಮೇಲೆ ಕೇಳಿದರೆ, ಹಾಗೆ ಹೇಳಿಯೇ ಇಲ್ಲ ಅಂದುಬಿಟ್ಟರು.