ಟರ್ಮಿನಲ್‌ನಲ್ಲೇ ವಿಕಿಪೀಡಿಯ: ನಾಲ್ಕು ವರ್ಷ ಬಳಸಿದ ಮೇಲೆ

ಮರಾಠಿಯಲ್ಲಿ ರಾತಾಂಬಾ ಎಂದರೆ ಕೋಕಂ ಹಣ್ಣು. ಆಮಸೂಲ ಎಂದರೆ ಅದರ ಒಣಗಿಸಿದ ಸಿಪ್ಪೆ. ಮೂವತ್ತು ವರ್ಷಗಳಿಂದ ಮುಂಬಯಿಯ ಮುಲುಂಡಿನಲ್ಲಿ ಸಂಸಾರ ನಡೆಸಿರುವ ನನಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಮರಾಠಿ ಅಡುಗೆ ಬರಹಗಳನ್ನು ಕನ್ನಡಕ್ಕೆ ತರುವ ಕೆಲಸ ಕೈಗೆ ಬಂದಾಗ ಆ ಸಿಪ್ಪೆಗೆ ಕನ್ನಡದಲ್ಲಿ ಏನೆಂದು ಬರೆಯಬೇಕೆಂಬ ಪ್ರಶ್ನೆ ಎದ್ದಿತು. ನನಗಿಂತ ಮೊದಲು ಆ ಕೆಲಸ ಹಿಡಿದಿದ್ದವರ ಕರಡಿನಲ್ಲಿ ‘ಉಪ್ಪಾಗೆ’ ಎಂದಿತ್ತು. ಮನಸ್ಸು ಒಪ್ಪಲಿಲ್ಲ. ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆಗಳನ್ನು ಬರೆದು ಕಂಪ್ಯೂಟರ್ ನಡೆಸುವ ಪರದೆಯಲ್ಲಿ, ಕೋಕಂ ಎಂದು ಇಂಗ್ಲಿಷಿನಲ್ಲಿ ಬರೆದು ಎಂಟರ್ ಒತ್ತಿದೆ. ವಿಕಿಪೀಡಿಯ ಲೇಖನದ ಪೀಠಿಕೆ ಬಂತು: ಗಾರ್ಸೀನಿಯಾ ಇಂಡಿಕಾ. ಉಪ್ಪಾಗೆಯನ್ನು ನೋಡಿದೆ: ಗಾರ್ಸೀನಿಯಾ ಗಮ್ಮಿ-ಗಟ್ಟಾ. ದಾಯಾದಿಗಳು ನಿಜ, ಆದರೆ ಮರ ಬೇರೆ, ಹಣ್ಣು ಬೇರೆ. ನಮ್ಮ ಮಲೆನಾಡಿನ ಮುರುಗಲು, ಕರಾವಳಿಯ ಪುನರ್ಪುಳಿ ಎಂದರೆ ಈ ಕೋಕಂ. ಕರಡನ್ನು ತಿದ್ದಿದೆ. ಎಲ್ಲ ಸೇರಿ ಒಂದು ನಿಮಿಷವೂ ಹಿಡಿಯಲಿಲ್ಲ. ಅನುವಾದದ ಕಡತದಿಂದ ನಾನು ಹೊರಗೆ ಕಾಲಿಟ್ಟಿರಲೂ ಇಲ್ಲ.

ಈ ವಿಮರ್ಶೆ ಆ ಒಂದು ನಿಮಿಷದ ಬಗ್ಗೆ. ಟರ್ಮಿನಲ್‌ನಲ್ಲೇ ವಿಕಿಪೀಡಿಯ ಓದುವ ಈ ಕ್ರಮವನ್ನು ನಾಲ್ಕು ವರ್ಷಗಳಿಂದ ದಿನಕ್ಕೆ ಹತ್ತಿಪ್ಪತ್ತು ಸಲವಾದರೂ ಬಳಸುತ್ತಿದ್ದೇನೆ. ಒಳ್ಳೆಯದನ್ನೂ ಕೊರತೆಯನ್ನೂ ಹೇಳುವಷ್ಟು ಪರಿಚಯವಾಗಿದೆ.

ಮಹಾನಗರಪಾಲಿಕೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದ ಮೇಲೆ ಅನುವಾದ ಮತ್ತು ಕರಡು ತಿದ್ದುವ ಕೆಲಸ ಹಿಡಿದೆ. ಲ್ಯಾಪ್‌ಟಾಪ್ ಹಳೆಯದು, ರ‍್ಯಾಮ್ 4 ಜಿಬಿ. ಬ್ರೌಸರ್‌ನಲ್ಲಿ ಆರೇಳು ಪುಟ ತೆರೆದರೆ ಅಕ್ಷರ ಒತ್ತಿದ ಮೇಲೆ ಅದು ಮೂಡಲು ಕಾಯಬೇಕಿತ್ತು. ಪುಣೆಯ ಹಿಂಜವಡಿಯಲ್ಲಿ ಕೆಲಸ ಮಾಡುವ ನನ್ನ ಅಕ್ಕನ ಮಗ ಅದಕ್ಕೆ ಡೆಬಿಯನ್ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಕೊಟ್ಟ. ಒಂದು ಸಂಜೆ ನನ್ನ ಪಕ್ಕದಲ್ಲಿ ಕೂತು ನೋಡಿ, “ಚಿಕ್ಕಮ್ಮ, ನಿಮಗೆ ಬೇಕಾದದ್ದು ಒಂದು ಇಸವಿ. ಅದಕ್ಕಾಗಿ ಹತ್ತು ಪುಟ ತೆರೆಯುತ್ತೀರಿ. ಆ ಇಸವಿಯನ್ನಷ್ಟೇ ತರಿಸಿಕೊಳ್ಳಬಾರದೇ?” ಎಂದ.

ಮೊದಲು ಅವನು ಹಾಕಿಕೊಟ್ಟದ್ದು ಡೆಬಿಯನ್‌ನ ತಂತ್ರಾಂಶ ಭಂಡಾರದಲ್ಲಿದ್ದ ವಿಕಿಪೀಡಿಯಾ2ಟೆಕ್ಸ್ಟ್ ಎಂಬ ಪುಟ್ಟ ಸಾಧನ. ಲೇಖನವನ್ನು ತರಿಸಿ, ಅಕ್ಷರ ಮಾತ್ರ ತೋರಿಸುವ ಬ್ರೌಸರ್ ಮೂಲಕ ಸೋಸಿ ಕೊಡುತ್ತದೆ. ಕೆಲವು ತಿಂಗಳು ಅದನ್ನೇ ಬಳಸಿದೆ. ನನಗೆ ಸಾಮಾನ್ಯವಾಗಿ ಬೇಕಾಗುವುದು ಪೀಠಿಕೆ ಮಾತ್ರ, ಅದೂ ಮೂರು ಭಾಷೆಗಳಲ್ಲಿ. ಹಾಗಾಗಿ ಇಬ್ಬರೂ ಕೂತು ನಮ್ಮದೇ ಆಜ್ಞೆಯೊಂದನ್ನು ಬರೆದುಕೊಂಡೆವು. ಹೆಸರು ‘ನೋಡು’. ಟರ್ಮಿನಲ್‌ನಲ್ಲಿ ಆಜ್ಞೆಗಳನ್ನು ಓದಿ ನಡೆಸುವ ಬ್ಯಾಶ್ ಶೆಲ್ ಕನ್ನಡದ ಹೆಸರನ್ನು ತಕರಾರಿಲ್ಲದೆ ಒಪ್ಪಿಕೊಂಡಾಗ ನನಗಾದ ಸಂತೋಷವನ್ನು ಇಲ್ಲಿ ಬರೆದೇ ತೀರಬೇಕು. ಕಗಪ ಕೀಲಿಮಣೆಯಲ್ಲಿ ‘ನೋಡು ಪುಣೆ’ ಎಂದು ಬರೆದರೆ ಸಾಕು.

ಒಳಗೆ ನಡೆಯುವುದು ಇಷ್ಟು. ವಿಕಿಪೀಡಿಯಕ್ಕೆ ಜನ ಓದುವ ಪುಟದ ಜೊತೆಗೆ ಯಂತ್ರಗಳು ಕೇಳಿ ಪಡೆಯುವ ಎಪಿಐ ಎಂಬ ಕಿಟಕಿಯೂ ಇದೆ. ‘ಈ ಶೀರ್ಷಿಕೆಯ ಪೀಠಿಕೆಯನ್ನು ಬರಿಯ ಪಠ್ಯವಾಗಿ ಕೊಡು, ಬೇರೆ ಹೆಸರಿನ ಪುಟಕ್ಕೆ ಪುನರ್ನಿರ್ದೇಶನವಿದ್ದರೆ ಅದನ್ನು ಅನುಸರಿಸು’ ಎಂದು ಆ ಕಿಟಕಿಯಲ್ಲಿ ಕೇಳಬಹುದು. ಕೇಳುವುದು ಕರ್ಲ್, ಬಂದ ಉತ್ತರದಿಂದ ಪಠ್ಯವನ್ನು ಬಿಡಿಸುವುದು ಜೆಕ್ಯೂ, ಸಾಲುಗಳನ್ನು ಅಗಲಕ್ಕೆ ತಕ್ಕಂತೆ ಮುರಿಯುವುದು ಫೋಲ್ಡ್. ಮೂರೂ ಉಚಿತ. ಒಂದು ಪೀಠಿಕೆಗೆ ತಗಲುವ ಡೇಟಾ ಕೆಲವೇ ಕೆಬಿ. ನನ್ನ ಹಳೆಯ ಯಂತ್ರಕ್ಕೆ ಇದರ ಭಾರವೇ ತಿಳಿಯುವುದಿಲ್ಲ.

ಕನ್ನಡದ ಮಟ್ಟಿಗೆ ಮಾತ್ರ ದಾರಿ ಅಷ್ಟು ಸಲೀಸಾಗಿರಲಿಲ್ಲ. ‘ಪುಣೆ’ ನಮ್ಮ ಕಣ್ಣಿಗೆ ಎರಡು ಅಕ್ಷರ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್‌ನಲ್ಲಿ ಅದು ನಾಲ್ಕು ಸಂಕೇತ, ಅದನ್ನು ಕಡತದಲ್ಲಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ 12 ಬೈಟ್. ಜಾಲದ ವಿಳಾಸದಲ್ಲಿ ಕೂರಿಸುವಾಗ ಪ್ರತಿ ಬೈಟೂ ಶೇಕಡಾ ಚಿಹ್ನೆಯ ಜೊತೆ ಮೂರು ಅಕ್ಷರವಾಗಿ ಒಟ್ಟು 36 ಆಗುತ್ತದೆ. ಈ ಪರಿವರ್ತನೆಯನ್ನು ಕರ್ಲ್‌ಗೇ ವಹಿಸಬೇಕು. ನಾವು ಆರಂಭದಲ್ಲಿ ಹಾಗೆ ಮಾಡಿರಲಿಲ್ಲ. ಇಂಗ್ಲಿಷ್ ಹೆಸರುಗಳು ಬರುತ್ತಿದ್ದವು, ಕನ್ನಡದವು ಬರುತ್ತಿರಲಿಲ್ಲ.

ಅದು ಸರಿಯಾದ ಮೇಲೆ ಇನ್ನೊಂದು ವಿಚಿತ್ರ ಕಂಡಿತು. ಇಂಗ್ಲಿಷ್ ಪಠ್ಯ ಪರದೆಯ ಅಗಲಕ್ಕೆ ಚೆನ್ನಾಗಿ ಬರುತ್ತಿತ್ತು. ಕನ್ನಡ ಮಾತ್ರ ಪದ್ಯದ ಹಾಗೆ, ಸಾಲಿಗೆ ಮೂರು ನಾಲ್ಕು ಪದ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಕಾರಣ ತಿಳಿಯಿತು. ನನ್ನ ಯಂತ್ರದಲ್ಲಿರುವ ಫೋಲ್ಡ್ ಎಣಿಸುವುದು ಅಕ್ಷರಗಳನ್ನಲ್ಲ, ಬೈಟ್‌ಗಳನ್ನು. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಆದ್ದರಿಂದ 72 ಎಂದು ಹೇಳಿದ ಸಾಲು 24ಕ್ಕೇ ಮುರಿಯುತ್ತಿತ್ತು. ಕನ್ನಡಕ್ಕೆ 216 ಎಂದು ಕೊಟ್ಟೆ. ಅಷ್ಟಕ್ಕೇ ಸಾಲುಗಳು ನೆಟ್ಟಗಾದವು.

ಒತ್ತಕ್ಷರದ ತೊಂದರೆ ಇದಕ್ಕಿಂತ ದೊಡ್ಡದು, ಅದು ಇನ್ನೂ ಪೂರ್ತಿ ಬಗೆಹರಿದಿಲ್ಲ. ಟರ್ಮಿನಲ್ ಎಂದರೆ ಸಮ ಅಗಲದ ಚೌಕಗಳ ಹಾಸು. ಒಂದು ಚೌಕಕ್ಕೆ ಒಂದು ಅಕ್ಷರ ಎಂಬುದು ಅದರ ಹುಟ್ಟುಗುಣ. ‘ಸ್ತ್ರೀ’ ನಮಗೆ ಒಂದೇ ಅಕ್ಷರ, ಅದರ ಲೆಕ್ಕದಲ್ಲಿ ಆರು ಸಂಕೇತ. ಹೆಚ್ಚಿನ ಟರ್ಮಿನಲ್‌ಗಳಲ್ಲಿ ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ನಿಲ್ಲುತ್ತದೆ, ದೀರ್ಘ ಮುಂದಿನ ಅಕ್ಷರದ ಮೇಲೇರುತ್ತದೆ. ಕನ್ನಡ ಕಲಿಸಿದವಳ ಕಣ್ಣಿಗೆ ಇದು ನೋವು. ನಾನು ಎಂಎಲ್‌ಟರ್ಮ್ ಎಂಬುದಕ್ಕೆ ಬದಲಾಯಿಸಿದೆ. ಭಾರತೀಯ ಲಿಪಿಗಳೂ ಸೇರಿ ಹಲವು ಭಾಷೆಗಳ ಲಿಪಿಗಳನ್ನು ತೋರಿಸಬಲ್ಲ ಟರ್ಮಿನಲ್ ಅದು, ಒತ್ತು ಒತ್ತಾಗಿಯೇ ಕಾಣುತ್ತದೆ. ಆದರೂ ಉದ್ದದ ಸಾಲನ್ನು ತಿದ್ದುವಾಗ ಕರ್ಸರ್ ಎಲ್ಲಿದೆ ಎಂದು ಕೆಲವೊಮ್ಮೆ ತಿಳಿಯುವುದಿಲ್ಲ. ಒಂದು ಸಮಾಧಾನವಿದೆ: ತೋರಿಕೆ ಕೆಟ್ಟರೂ ಪಠ್ಯ ಕೆಟ್ಟಿರುವುದಿಲ್ಲ. ನಕಲು ಮಾಡಿ ಬರಹದ ಕಡತಕ್ಕೆ ಅಂಟಿಸಿದರೆ ಎಲ್ಲ ಸರಿಯಾಗಿರುತ್ತದೆ.

ಶೀರ್ಷಿಕೆಯಲ್ಲಿ ಕಣ್ಣಿಗೆ ಕಾಣದ ಒಂದು ಸಂಕೇತವೂ ಕಾಡುತ್ತದೆ. ಅರ್ಧಾಕ್ಷರದ ಮುಂದಿನ ವ್ಯಂಜನ ಒತ್ತಾಗದಂತೆ ತಡೆಯಲು ನಾವು ನಡುವೆ ಹಾಕುವ ಶೂನ್ಯ ಅಗಲದ ಸಂಕೇತ ಅದು. ಶೀರ್ಷಿಕೆಯಲ್ಲಿ ಅದಿದ್ದು ನಾನು ಹಾಕದಿದ್ದರೆ ಯಂತ್ರದ ಪಾಲಿಗೆ ಎರಡೂ ಬೇರೆ ಪದ. ಆದ್ದರಿಂದ ‘ನೋಡು’ ಈಗ ಶೀರ್ಷಿಕೆ ಸಿಗದಿದ್ದರೆ ಹುಡುಕಾಟಕ್ಕೆ ಇಳಿದು ಹತ್ತಿರದ ಐದು ಹೆಸರುಗಳನ್ನು ತೋರಿಸುತ್ತದೆ.

ಒಂದು ಎಚ್ಚರಿಕೆ. ಆಜ್ಞೆ ಬರೆದ ಮೊದಲ ವರ್ಷ ಒಂದು ಬೆಳಗ್ಗೆ ಲೇಖನದ ಬದಲು ನಿರಾಕರಣೆ ಬಂತು. ತಪ್ಪು ನಮ್ಮದೇ. ವಿಕಿಮೀಡಿಯದ ನಿಯಮದ ಪ್ರಕಾರ ಇಂಥ ಸ್ಕ್ರಿಪ್ಟ್‌ಗಳು ‘ಯೂಸರ್ ಏಜೆಂಟ್’ ಎಂಬಲ್ಲಿ ತಾವು ಯಾರೆಂದು, ಸಂಪರ್ಕ ಹೇಗೆಂದು ಹೇಳಿಕೊಳ್ಳಬೇಕು. ಬೇರೆಯವರ ಮನೆಗೆ ಹೋದಾಗ ಬಾಗಿಲಲ್ಲಿ ಹೆಸರು ಹೇಳುವುದು ನ್ಯಾಯ. ಆ ಸಾಲನ್ನು ಸೇರಿಸಿದ ಮೇಲೆ ಮತ್ತೆ ಅಡ್ಡಿ ಬಂದಿಲ್ಲ.

ಬರಿಯ ಪಠ್ಯದ ಇತಿಮಿತಿಯನ್ನೂ ಹೇಳಬೇಕು. ಪಕ್ಕದ ಮಾಹಿತಿ ಚೌಕಟ್ಟು ಬರುವುದಿಲ್ಲ, ಕೋಷ್ಟಕ ಬರುವುದಿಲ್ಲ. ಉಚ್ಚಾರಣೆಯ ಚಿಹ್ನೆಗಳು ಉದುರಿ ಹೋಗಿ ಖಾಲಿ ಆವರಣ ಮಾತ್ರ ಉಳಿದಿರುತ್ತದೆ. ಎಲ್ಲಕ್ಕಿಂತ ಗಂಭೀರವಾದದ್ದು, ಅಡಿಟಿಪ್ಪಣಿಗಳು ಮಾಯವಾಗುತ್ತವೆ. ಒಂದು ಮಾತಿಗೆ ಆಧಾರವೇನು ಎಂಬುದು ಕರಡು ತಿದ್ದುವವರಿಗೆ ಮಾತಿನಷ್ಟೇ ಮುಖ್ಯ. ಅದಕ್ಕಾಗಿ ಪ್ರತಿ ಉತ್ತರದ ಕೊನೆಯಲ್ಲಿ ಪುಟದ ವಿಳಾಸ ಮತ್ತು ಆ ಹೊತ್ತಿನ ಪರಿಷ್ಕರಣೆಯ ಸಂಖ್ಯೆ ಮುದ್ರಣವಾಗುವಂತೆ ಮಾಡಿದ್ದೇನೆ. ಲೇಖನ ಮುಂದೆ ಎಷ್ಟೇ ಬದಲಾದರೂ ಆ ಸಂಖ್ಯೆ ಇದ್ದರೆ ನಾನು ಓದಿದ ರೂಪವನ್ನೇ ಮತ್ತೆ ತೆರೆಯಬಹುದು. ಸಂಶಯವಿದ್ದಲ್ಲಿ ಪೂರ್ತಿ ಪುಟವನ್ನು ಡಬ್ಲ್ಯು3ಎಂ ಎಂಬ ಪಠ್ಯ ಬ್ರೌಸರ್‌ನಲ್ಲಿ ತೆರೆದು ಅಡಿಟಿಪ್ಪಣಿಯವರೆಗೂ ಹೋಗುತ್ತೇನೆ. ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾದದ್ದು; ಅದರಲ್ಲಿ ಚುಟುಕು ಲೇಖನಗಳು ಇನ್ನೂ ಬಹಳ. ಅಲ್ಲಿ ಸಿಗದಿದ್ದಾಗ ಮರಾಠಿ, ಇಂಗ್ಲಿಷ್ ಎರಡನ್ನೂ ನೋಡುತ್ತೇನೆ. ಒಂದು ಲೇಖನಕ್ಕೆ ಬೇರೆ ಭಾಷೆಗಳಲ್ಲಿರುವ ಶೀರ್ಷಿಕೆಯನ್ನೂ ಅದೇ ಕಿಟಕಿಯಲ್ಲಿ ಕೇಳಬಹುದು. ಗಿಡಮರ, ಹಕ್ಕಿ, ಊರಿನ ಹೆಸರುಗಳಿಗೆ ನನ್ನ ಕಪಾಟಿನ ಯಾವ ನಿಘಂಟಿಗಿಂತಲೂ ಇದೇ ಹೆಚ್ಚು ನೆರವಾಗಿದೆ.

ಜಾಲವಿಲ್ಲದ ಕಡೆಗೆ, ವಿಕಿಪೀಡಿಯವನ್ನು ಇಳಿಸಿಕೊಂಡು ಓದುವ ಕಿವಿಕ್ಸ್ ಎಂಬ ತಂತ್ರಾಂಶ. ತಿಂಗಳಿಗೊಮ್ಮೆ ದಾದರ್‌ನಿಂದ ಪುಣೆಗೆ ಅಕ್ಕನ ಮನೆಗೆ ಹೋಗುತ್ತೇನೆ. ಕರ್ಜತ್ ದಾಟಿ ಘಟ್ಟ ಏರತೊಡಗಿದರೆ ಲೋನಾವಳದವರೆಗೆ ಸುರಂಗದ ಮೇಲೆ ಸುರಂಗ, ಸಿಗ್ನಲ್ ಬಂದರೂ ಉಳಿಯುವುದಿಲ್ಲ. ಕಿವಿಕ್ಸ್‌ನಲ್ಲಿ ಇಡೀ ವಿಶ್ವಕೋಶ ‘ಜಿಮ್’ ಎಂಬ ಒಂದೇ ಕಡತವಾಗಿ ಸಿಗುತ್ತದೆ. ಚಿತ್ರಗಳೆಲ್ಲ ಇರುವ ಇಂಗ್ಲಿಷಿನದು ಸುಮಾರು 100 ಜಿಬಿ, ನನ್ನ ಯಂತ್ರಕ್ಕೆ ಆಗದ ಮಾತು. ಪೀಠಿಕೆ ಮತ್ತು ಮಾಹಿತಿ ಚೌಕಟ್ಟು ಮಾತ್ರ ಇರುವ ‘ಮಿನಿ’ ರೂಪವನ್ನು ಇಟ್ಟುಕೊಂಡಿದ್ದೇನೆ. ಕನ್ನಡದ್ದು ಮಾತ್ರ ಪೂರ್ತಿ. ಕಿವಿಕ್ಸ್-ಸರ್ವ್ ಎಂಬ ಆಜ್ಞೆ ಅದನ್ನು ಲ್ಯಾಪ್‌ಟಾಪಿನೊಳಗೇ ತೆರೆದಿಡುತ್ತದೆ, ಡಬ್ಲ್ಯು3ಎಂನಲ್ಲಿ ಓದುತ್ತೇನೆ.

ಕಳೆದ ಮಳೆಗಾಲದಲ್ಲಿ ಆ ಘಟ್ಟದ ರೈಲುಹಾದಿಯ ಕುರಿತ ಮರಾಠಿ ಪ್ರಬಂಧವೊಂದನ್ನು ಅದೇ ಹಾದಿಯಲ್ಲಿ ಸಾಗುತ್ತ ಅನುವಾದಿಸುತ್ತಿದ್ದೆ. ಕಿಟಕಿಯ ಹೊರಗೆ ಬಂಡೆಯಿಂದ ನೀರು ಸುರಿಯುತ್ತಿತ್ತು, ಮೊಬೈಲ್‌ನಲ್ಲಿ ಒಂದು ಗೆರೆಯೂ ಇರಲಿಲ್ಲ. ಮುಂಬಯಿಯ ಬೋರಿ ಬಂದರ್‌ನಿಂದ ಠಾಣೆಗೆ ಮೊದಲ ರೈಲು 1854ರಲ್ಲಿ ಹೊರಟಿತೆಂದು ಹಸ್ತಪ್ರತಿಯಲ್ಲಿತ್ತು. ಜಿಮ್ ಕಡತದಲ್ಲಿ ನೋಡಿದೆ: 16 ಏಪ್ರಿಲ್ 1853. ಘಟ್ಟದ ಹಾದಿ ತೆರೆದದ್ದು 1863 ಎಂಬುದು ಮಾತ್ರ ಹಸ್ತಪ್ರತಿಯಲ್ಲಿ ಸರಿಯಾಗಿತ್ತು. ಖಂಡಾಲಾ ಬರುವ ಮೊದಲೇ ಅಂಚಿನಲ್ಲಿ ಗುರುತು ಹಾಕಿದ್ದೆ. ಜಿಮ್ ಕಡತ ತಾನಾಗಿ ಹೊಸದಾಗುವುದಿಲ್ಲ, ಆಗಾಗ ಮತ್ತೆ ಇಳಿಸಿಕೊಳ್ಳಬೇಕು. ಇತ್ತೀಚಿನ ಸಂಗತಿಗಳಿಗೆ ಅದನ್ನು ನಾನು ನೆಚ್ಚುವುದಿಲ್ಲ.

ಯಾರಿಗೆ ಇದು ಬೇಕು? ಚಿತ್ರ, ನಕ್ಷೆ ನೋಡುವವರಿಗೆ ಬೇಡ. ಅನುವಾದಕರಿಗೆ, ಕರಡು ತಿದ್ದುವವರಿಗೆ, ಪಾಠ ಸಿದ್ಧಪಡಿಸುವ ಮೇಷ್ಟರಿಗೆ ನಾನು ಒತ್ತಾಯಪಡಿಸಿ ಹೇಳುತ್ತೇನೆ. ವೇಗದ ಕಾರಣಕ್ಕಲ್ಲ. ಇಲ್ಲಿ ಹುಡುಕಿದ್ದು ಉಳಿಯುತ್ತದೆ. ‘ನೋಡು’ ಪರದೆಗೆ ತಂದ ಪ್ರತಿ ಉತ್ತರವೂ ಟೀ ಎಂಬ ಆಜ್ಞೆಯ ಮೂಲಕ ಒಂದು ಕಡತಕ್ಕೂ ಸೇರುತ್ತದೆ, ದಿನಾಂಕದೊಂದಿಗೆ. ಅಲ್ಲಿ ಪ್ರತಿ ಉತ್ತರದ ಕೆಳಗೆ ನನ್ನ ತೀರ್ಮಾನವನ್ನು ಒಂದು ಸಾಲಿನಲ್ಲಿ ಬರೆಯುತ್ತೇನೆ. ಬ್ರೌಸರ್‌ನಲ್ಲಿ ಓದುತ್ತಿದ್ದಾಗ ನಾನು ಒಂದೇ ಹೆಸರನ್ನು ಒಂದು ಪುಸ್ತಕದಲ್ಲಿ ಒಂದು ಬಗೆಯಾಗಿ, ಇನ್ನೊಂದರಲ್ಲಿ ಬೇರೆ ಬಗೆಯಾಗಿ ಬರೆದದ್ದುಂಟು. ಈಗ ಮೊದಲು ಕಡತದೊಳಗೆ ಪದ ಹುಡುಕುವ ಗ್ರೆಪ್ ಎಂಬ ಆಜ್ಞೆ ಹಾಕಿ ನನ್ನ ಕಡತವನ್ನೇ ಕೇಳುತ್ತೇನೆ.

ಹೋದ ತಿಂಗಳು ಗೋವೆಯಿಂದ ಒಂದು ಕೊಂಕಣಿ ಅಡುಗೆ ಬರಹ ಬಂತು. ಅದರಲ್ಲಿ ‘ಸೋಲಾಂ’ ಎಂದಿತ್ತು. ಹುಳಿಗೆ ಹಾಕುವ ಒಣ ಸಿಪ್ಪೆ ಎಂಬ ವಿವರಣೆ ಓದಿದ ಕೂಡಲೇ ಗ್ರೆಪ್ ಮಾಡಿದೆ. ನಾಲ್ಕು ವರ್ಷದ ಹಿಂದಿನ ಆ ಸಾಲು ಮೇಲೆ ಬಂತು: ಗಾರ್ಸೀನಿಯಾ ಇಂಡಿಕಾ, ಮರಾಠಿಯಲ್ಲಿ ಆಮಸೂಲ, ಕನ್ನಡದಲ್ಲಿ ಮುರುಗಲು, ಕರಾವಳಿಯಲ್ಲಿ ಪುನರ್ಪುಳಿ, ಉಪ್ಪಾಗೆ ಅಲ್ಲ. ಅದರ ಮುಂದೆ ಕೊಂಕಣಿಯ ಹೆಸರನ್ನೂ ಸೇರಿಸಿ ಉಳಿಸಿದೆ.