ಒಂದೇ ಕಾರ್ಡು, ಎರಡು ಮುಖ: ಮೂರು ಚಳಿಗಾಲ ಬಳಸಿದ ಮೇಲೆ

ಬ್ರಿಟನ್ನಿನ ರೈಲುಗಳಿಗೆ ‘ಟು ಟುಗೆದರ್ ರೈಲ್‌ಕಾರ್ಡ್’ ಎಂಬುದೊಂದಿದೆ. ಒಂದೇ ಕಾರ್ಡು, ಅದರ ಮೇಲೆ ಇಬ್ಬರ ಹೆಸರು, ಇಬ್ಬರ ಫೋಟೊ. ಆ ಇಬ್ಬರೂ ಜೊತೆಯಾಗಿ ಹೊರಟರೆ ಟಿಕೆಟ್ ದರದಲ್ಲಿ ಮೂರನೇ ಒಂದು ಭಾಗ ರಿಯಾಯಿತಿ. ಒಬ್ಬರೇ ಹೋದರೆ ಅದು ಬರೀ ಪ್ಲಾಸ್ಟಿಕ್ಕಿನ ತುಂಡು. 2022ರ ನವೆಂಬರಿನಲ್ಲಿ ನಾನೂ ನನ್ನ ಗೆಳತಿಯೂ 30 ಪೌಂಡು ಕೊಟ್ಟು ಇದನ್ನು ಮಾಡಿಸಿದೆವು. “ನನ್ನ ಫೋಟೊ ಯಾಕೆ ಹಾಕಿಸಲಿಲ್ಲ?” ಎಂದು ಮನೆಯವರು ಕೇಳಿದರು. “ಜನವರಿಯ ಮಳೆಯಲ್ಲಿ ಇಪ್ಪತ್ತು ಕಿಲೋಮೀಟರು ನಡೆಯುತ್ತೀರಾ?” ಎಂದೆ. ಮತ್ತೆ ಆ ಮಾತು ಎತ್ತಲಿಲ್ಲ.

ಕಾರ್ಡು ಮಾಡಿಸಿದ್ದು ಸೌತ್ ಡೌನ್ಸ್ ವೇ ನಡೆಯುವುದಕ್ಕೆಂದೇ. ವಿಂಚೆಸ್ಟರಿನಿಂದ ಈಸ್ಟ್‌ಬೋರ್ನ್‌ವರೆಗೆ, ಇಂಗ್ಲೆಂಡಿನ ದಕ್ಷಿಣದ ಗುಡ್ಡಸಾಲಿನ ಮೇಲೆ 160 ಕಿಲೋಮೀಟರಿನ ಕಾಲುದಾರಿ ಅದು. ಒಂದು ವಾರಕ್ಕೂ ಹೆಚ್ಚು ರಜೆ ಹಾಕಿ ಒಂದೇ ಪಟ್ಟಿಗೆ ಮುಗಿಸುವವರಿದ್ದಾರೆ. ನಾವು ಕಂತಿನ ಗಿರಾಕಿಗಳು; ತಿಂಗಳಿಗೊಂದು ದಿನ ಬಿಡುವಾದರೆ ಅದೇ ಹೆಚ್ಚು. ಬೇಸಿಗೆಯಲ್ಲಿ ನನಗೆ ಹುಲ್ಲಿನ ಪರಾಗ ಒಗ್ಗುವುದಿಲ್ಲ, ಜೂನ್ ಬಂತೆಂದರೆ ಕಣ್ಣು ಮೂಗು ಎರಡೂ ಸೋರುತ್ತವೆ. ಆದ್ದರಿಂದ ನವೆಂಬರಿನಿಂದ ಫೆಬ್ರವರಿಯವರೆಗೆ ಮಾತ್ರ ನಡಿಗೆ. ಕಾರು ಇಲ್ಲಿ ಪ್ರಯೋಜನಕ್ಕೆ ಬಾರದು: ಒಂದು ತುದಿಯಲ್ಲಿ ನಿಲ್ಲಿಸಿ ಇನ್ನೊಂದು ತುದಿ ಮುಟ್ಟಿದರೆ ಅದನ್ನು ತರುವವರು ಯಾರು? ಹೋಗುವ ನಿಲ್ದಾಣ ಒಂದು, ಮರಳುವ ನಿಲ್ದಾಣ ಇನ್ನೊಂದು. ಆದ್ದರಿಂದ ಹೋಗಿಬರುವ ಟಿಕೆಟ್ಟಿನ ಲಾಭ ಸಿಗುವುದಿಲ್ಲ, ಬಿಡಿಬಿಡಿಯಾಗಿ ಎರಡು ಕೊಳ್ಳಬೇಕು. ಈ ರಿಯಾಯಿತಿ ಅವಕ್ಕೂ ಸಲ್ಲುತ್ತದೆ ಎಂಬುದೇ ನಮಗಾದ ದೊಡ್ಡ ಅನುಕೂಲ.

ಲೆಕ್ಕ ಹೇಳಿಬಿಡುತ್ತೇನೆ. 2025ರ ಮಾರ್ಚಿನಲ್ಲಿ ಕಾರ್ಡಿನ ಬೆಲೆ 35 ಪೌಂಡಿಗೆ ಏರಿತು. ಇಬ್ಬರದೂ ಸೇರಿ ವರ್ಷಕ್ಕೆ 105 ಪೌಂಡಿನ ಟಿಕೆಟ್ ಕೊಳ್ಳುವವರಿಗೆ ಹಾಕಿದ ಹಣ ಹಿಂದಿರುಗುತ್ತದೆ, ಅಲ್ಲಿಂದಾಚೆಗೆ ಉಳಿತಾಯ. ನಾವಿರುವ ವೋಕಿಂಗಿನಿಂದ ಮೂರನೆಯ ಕಂತಿಗೇ ಅಸಲು ಕೈಗೆ ಬಂದಿತ್ತು. ಆದರೆ ಮೊದಲ ಕಂತು ಮುಗಿದ ಎಕ್ಸ್‌ಟನ್ ಹಳ್ಳಿಯಲ್ಲಿ ರೈಲು ನಿಲ್ದಾಣವೇ ಇಲ್ಲ. ಅಂದು ಟ್ಯಾಕ್ಸಿಗೆ ತೆತ್ತದ್ದು ಕಾರ್ಡು ಉಳಿಸಿದ್ದನ್ನೆಲ್ಲ ನುಂಗಿ ನೀರು ಕುಡಿಯಿತು. ದಾರಿಯ ಪಶ್ಚಿಮದ ಅರ್ಧದಲ್ಲಿ ಇದೇ ಪಾಡು. ಆಂಬರ್ಲಿ ಮುಟ್ಟಿದ ಮೇಲೆ ಪರವಾಗಿಲ್ಲ. ಸೌತೀಸ್‌ನಲ್ಲಂತೂ ಕಾಲುದಾರಿ ಪ್ಲಾಟ್‌ಫಾರ್ಮಿನ ಪಕ್ಕದಲ್ಲೇ ಹಳಿ ದಾಟುತ್ತದೆ.

ಕಾರ್ಡಿನ ನಿಜವಾದ ಕುಂದು ಬೇರೆ. ವಾರದ ದಿನಗಳಲ್ಲಿ ಬೆಳಿಗ್ಗೆ 9.30ಕ್ಕೆ ಮೊದಲು ಅದು ನಡೆಯುವುದಿಲ್ಲ. ಬೇಸಿಗೆಯವರಿಗೆ ಇದೇನೂ ಅಲ್ಲ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆಲ್ಲ ಸೂರ್ಯ ಮುಳುಗುವ ಊರಿನಲ್ಲಿ ಒಂಬತ್ತೂವರೆಯ ನಂತರದ ರೈಲು ಹಿಡಿದು, ಹನ್ನೊಂದಕ್ಕೆ ಗುಡ್ಡ ಹತ್ತಲು ಶುರುಮಾಡಿದರೆ ಬೆಳಕು ಎಷ್ಟು ಸಿಕ್ಕೀತು? ಹಾಗಾಗಿ ನಮಗೆ ಉಳಿದದ್ದು ಶನಿವಾರ, ಭಾನುವಾರ. ಹಳಿ ರಿಪೇರಿ ಇಟ್ಟುಕೊಳ್ಳುವುದೂ ಬಹಳಮಟ್ಟಿಗೆ ಆ ದಿನಗಳಲ್ಲೇ. ಒಂದು ಭಾನುವಾರ ರೈಲಿನ ಬದಲು ಬಸ್ಸು ಎಂದರು; ಬಸ್ಸು ಊರೂರು ಸುತ್ತಿಕೊಂಡು ಬಂದು ತಲುಪಿಸುವ ಹೊತ್ತಿಗೆ ಅರ್ಧ ದಿನ ಹೋಗಿತ್ತು. ಆ ಕಂಪನಿಯ ಹೆಸರು ಬೇಡ. ಅಲ್ಲೇ ಚಹಾ ಕುಡಿದು ವಾಪಸಾದೆವು. ಆ ಟಿಕೆಟ್ಟಿನಲ್ಲೂ ಮೂರನೇ ಒಂದು ಭಾಗ ಉಳಿದಿತ್ತು ಎಂದುಕೊಂಡರೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ.

ಇಬ್ಬರೂ ಜೊತೆಗಿರಬೇಕೆಂಬ ನಿಯಮವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎರಡನೆಯ ಚಳಿಗಾಲದಲ್ಲಿ ಒಮ್ಮೆ ರೈಲು ಕಿಕ್ಕಿರಿದಿತ್ತು. ನಾನು ಒಂದು ಬೋಗಿಯಲ್ಲಿ, ಗೆಳತಿ ಪಕ್ಕದ ಬೋಗಿಯಲ್ಲಿ. ಟಿಕೆಟ್ ನೋಡಲು ಬಂದವರು ಕಾರ್ಡನ್ನು ಕೈಗೆ ತೆಗೆದುಕೊಂಡು, “ಇನ್ನೊಬ್ಬರು ಎಲ್ಲಿ?” ಎಂದರು. ಫೋನ್ ಮಾಡಿ ಕರೆಸಿದೆ. ಜನರ ನಡುವೆ ನುಸುಳಿಕೊಂಡು ಬಂದವಳು ಮಂಕಿ ಟೋಪಿ ಹಾಕಿದ್ದಳು, ಮೂಗಿನ ತುದಿ ಮಾತ್ರ ಹೊರಗೆ. ಕಾರ್ಡಿನ ಮೇಲಿದ್ದದ್ದು ರಾಜ್ಯೋತ್ಸವದ ದಿನ ತೆಗೆಸಿದ ಫೋಟೊ: ದೊಡ್ಡ ಕುಂಕುಮ, ಜುಮುಕಿ, ರೇಷ್ಮೆ ಸೀರೆಯ ಅಂಚು. ಆತ ಫೋಟೊ ನೋಡಿದರು, ಅವಳನ್ನು ನೋಡಿದರು, ಮತ್ತೆ ಫೋಟೊ ನೋಡಿದರು. ಅವಳು ಟೋಪಿ ತೆಗೆದಳು. ಫೋಟೊ ತೆಗೆಸುವಾಗ ನಡೆಯಲು ಹೊರಟ ವೇಷದಲ್ಲೇ ತೆಗೆಸಿಕೊಳ್ಳಿ ಎಂಬುದು ಹೊಸಬರಿಗೆ ನನ್ನ ಸಲಹೆ. ಕಾರ್ಡು ಇಡಲು ಒಂದೇ ಜೇಬನ್ನು ಗೊತ್ತುಮಾಡಿಕೊಳ್ಳಿ ಎಂಬುದು ಇನ್ನೊಂದು. ಒಮ್ಮೆ ಬೇರೆ ಜಾಕೆಟ್ಟಿನಲ್ಲಿ ಮರೆತು ಬಂದು ಪೂರ್ತಿ ದರ ಕೊಟ್ಟಿದ್ದೇವೆ. ತಪ್ಪು ನನ್ನದೇ.

2024ರ ಜನವರಿಯಲ್ಲಿ ಗೆಳತಿಯ ತಾಯಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಯಿತು. ಅವಳು ಆರು ವಾರ ಧಾರವಾಡಕ್ಕೆ ಹೋದಳು. ಕಾರ್ಡು ಮೇಜಿನ ಡ್ರಾಯರಿನಲ್ಲಿ ಮಲಗಿತು. ಒಂದು ಶನಿವಾರ ಬಿಸಿಲು ಬಂದಿತ್ತು, ತಡೆಯಲಾರದೆ ಪೂರ್ತಿ ದರ ತೆತ್ತು ಒಬ್ಬಳೇ ಆಂಬರ್ಲಿಗೆ ಹೋದೆ. ಅಲ್ಲಿಂದ ಚಾಂಕ್ಟನ್‌ಬರಿ ರಿಂಗ್‌ವರೆಗೆ ಏರಿ, ಸ್ಟೆನಿಂಗ್ ಊರಿಗಿಳಿದು ಬಸ್ಸು ಹಿಡಿದೆ. ಚಾಂಕ್ಟನ್‌ಬರಿಯಲ್ಲಿ ಕಬ್ಬಿಣ ಯುಗದ ಕೋಟೆಯ ದಿಬ್ಬ, ಅದರ ಮೇಲೆ ಬೀಚ್ ಮರಗಳ ತೋಪು. 1760ರಲ್ಲಿ ನೆಟ್ಟ ಆ ಮರಗಳಲ್ಲಿ ಬಹುಪಾಲು 1987ರ ಬಿರುಗಾಳಿಗೆ ಉರುಳಿದವಂತೆ, ಮತ್ತೆ ನೆಟ್ಟಿದ್ದಾರೆ. ಅಲ್ಲಿಂದ ಸಮುದ್ರ ಬೆಳ್ಳಿಯ ತಗಡಿನಂತೆ ಕಾಣುತ್ತಿತ್ತು. ಫೋಟೊ ಕಳಿಸಿದೆ. ಧಾರವಾಡದಿಂದ ಉತ್ತರ ಬಂತು: “ನಿನ್ನ ಹೆಜ್ಜೆ ನನ್ನ ಲೆಕ್ಕಕ್ಕೆ ಬರುವುದಿಲ್ಲ ಕಣೇ.”

ಹಾಗಾಗಿ ಫೆಬ್ರವರಿ ಕೊನೆಯಲ್ಲಿ ಅದೇ ಕಂತನ್ನು ಎರಡನೆಯ ಸಲ ನಡೆದೆ, ಈ ಬಾರಿ ರಿಯಾಯಿತಿಯಲ್ಲಿ. ದಟ್ಟ ಮಂಜು. ತೋಪಿನೊಳಗೆ ನಿಂತರೂ ಮೂರನೆಯ ಮರ ಕಾಣುತ್ತಿರಲಿಲ್ಲ. “ಎಲ್ಲಿ ನಿನ್ನ ಸಮುದ್ರ?” ಎಂದಳು. ಈ ಗುಡ್ಡಗಳೆಲ್ಲ ಸುಣ್ಣದ ಗುಡ್ಡಗಳು, ಶಾಲೆಯಲ್ಲಿ ಹಲಗೆಯ ಮೇಲೆ ಬರೆದ ಸೀಮೆಸುಣ್ಣದ ಜಾತಿಯವು. ಸೀಮೆಗೇ ಬಂದು ಸೀಮೆಸುಣ್ಣ ತುಳಿಯುತ್ತಿದ್ದೇವೆ ಎಂದು ನಗುತ್ತಿದ್ದೆವು. ಒಣಗಿದಾಗ ಅದು ರಂಗೋಲಿ ಪುಡಿ. ನೆನೆದರೆ ಹುದುಗಿದ ದೋಸೆ ಹಿಟ್ಟು: ಬೂಟಿನ ಅಡಿಗೆ ಅಂಟುತ್ತದೆ, ಒಂದೊಂದು ಹೆಜ್ಜೆಗೂ ಒಂದೊಂದು ಪದರ, ಆಮೇಲೆ ಇಳಿಜಾರಿನಲ್ಲಿ ಸರ್ರನೆ ಜಾರಿಸುತ್ತದೆ. ಅಂದು ಇಬ್ಬರೂ ಒಂದೊಂದು ಸಲ ಕುಳಿತೆವು. ದಾರಿಯಲ್ಲಿ ಬಿದ್ದಿದ್ದ ಚಕಮಕಿ ಕಲ್ಲಿನ ಚೂಪು ಅಂಚಿನಿಂದ ಬೂಟು ಕೆರೆದುಕೊಂಡು, ಅವಳು ಫ್ಲಾಸ್ಕಿನಲ್ಲಿ ತಂದ ತಿಳಿಸಾರು ಕುಡಿದೆವು. ಚಪಾತಿ ತಣ್ಣಗೆ ಚರ್ಮದಂತಾಗಿತ್ತು, ಚಟ್ನಿಪುಡಿಯ ದೆಸೆಯಿಂದ ಒಳಗಿಳಿಯಿತು.

ಕೊನೆಯ ಕಂತು 2025ರ ಫೆಬ್ರವರಿಯಲ್ಲಿ, ಸೆವೆನ್ ಸಿಸ್ಟರ್ಸ್ ಬೆಳ್ಳನೆಯ ಬಂಡೆಗಳ ಮೇಲಿನಿಂದ. ಹೆಸರಿಗೆ ಏಳು ಅಕ್ಕತಂಗಿಯರು, ಕಾಲು ಎಣಿಸಿದ್ದು ಎಂಟು. ಗಾಳಿ ಸಮುದ್ರದ ಕಡೆಯಿಂದ ಬೀಸುತ್ತಿತ್ತು, ಸದ್ಯ. ಅಂಚು ಕುಸಿಯುವ ಜಾಗ ಅದು, ದೂರದಲ್ಲೇ ನಡೆಯಬೇಕು. ಈಸ್ಟ್‌ಬೋರ್ನಿನಿಂದ ಮರಳುವ ರೈಲಿನಲ್ಲಿ ಟಿಕೆಟ್ ಕೇಳಲು ಯಾರೂ ಬರಲಿಲ್ಲ. ಕಾರ್ಡನ್ನು ಸುಮ್ಮನೆ ಮೇಜಿನ ಮೇಲೆ ಇಟ್ಟುಕೊಂಡಿದ್ದೆವು.

ಕೊಳ್ಳಬೇಕೇ? ಬೇರೆ ಬೇರೆ ಜನರ ಜೊತೆ ಓಡಾಡುವವರಿಗೆ ಬೇಡ. ಜೊತೆಗಾರರು ಕೊನೆ ಗಳಿಗೆಯಲ್ಲಿ ಕೈಕೊಡುವ ಜಾತಿಯವರಾದರೆ ಖಂಡಿತ ಬೇಡ. ನಾವು ಕಳೆದ ನವೆಂಬರಿನಲ್ಲಿ 35 ಪೌಂಡು ಕೊಟ್ಟು ನವೀಕರಿಸಿದೆವು. ಫಾರ್ನಮ್‌ನಿಂದ ಡೋವರ್‌ವರೆಗೆ ನಾರ್ತ್ ಡೌನ್ಸ್ ವೇ ಇದೆ, ಸುಮಾರು 246 ಕಿಲೋಮೀಟರು, ಫಾರ್ನಮ್‌ಗೆ ವೋಕಿಂಗಿನಿಂದ ನೇರ ರೈಲು. ಈ ಸಲ ಕಾರ್ಡು ಅವಳ ಜೇಬಿನಲ್ಲಿದೆ.